ಐಸ್ ಹಾಕಿ ತಂಡದ ಪ್ರಾಸ್ಪೆಕ್ಟ್‌ಗಳನ್ನು ಫಾಲೋ ಮಾಡುವುದು ಹೇಗೆ: ಪಾಯಿಂಟ್ ನೋಡುವ ಮೊದಲು ವಯಸ್ಸು ನೋಡಿ

ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್. ಅದರ ತಂಡಗಳು ಪ್ರತಿ ವರ್ಷ ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್, ಹಾಗೆ ಆಯ್ಕೆಯಾಗಿ ಇನ್ನೂ ಬೆಳೆಯುತ್ತಿರುವ ಹುಡುಗರೇ ಪ್ರಾಸ್ಪೆಕ್ಟ್‌ಗಳು. ಈ ಡ್ರಾಫ್ಟ್‌ನಲ್ಲಿ 32 ತಂಡ, ಏಳು ಸುತ್ತು, ಒಟ್ಟು 224 ಹೆಸರು. ನಿಮ್ಮ ತಂಡದ ಪಾಲಿಗೆ ಬರುವುದು ಸಾಮಾನ್ಯವಾಗಿ ಆರೇಳು ಹುಡುಗರು. ಅವರಲ್ಲಿ ಅದೇ ಅಕ್ಟೋಬರ್‌ನಲ್ಲಿ ದೊಡ್ಡ ತಂಡದ ಜರ್ಸಿ ಹಾಕುವವನು ಒಬ್ಬ ಸಿಕ್ಕರೆ ಹೆಚ್ಚು. ಉಳಿದವರು ಒಬ್ಬ ಒಂಟಾರಿಯೊದ ಸಣ್ಣ ಊರಿಗೆ, ಒಬ್ಬ ಅಮೆರಿಕದ ಕಾಲೇಜಿಗೆ, ಇನ್ನೊಬ್ಬ ಫಿನ್ಲೆಂಡ್‌ಗೆ ಅಂತ ಚದುರಿಹೋಗುತ್ತಾರೆ. ಜುಲೈ ಬರುವಷ್ಟರಲ್ಲಿ ನಮಗೆ ಹೆಸರೂ ಮರೆತಿರುತ್ತದೆ. ನಾಲ್ಕು ವರ್ಷ ಆದಮೇಲೆ ಅವನೇ ಬಂದು ಗೋಲ್ ಹೊಡೆದಾಗ "ಇವನು ಯಾರಪ್ಪಾ" ಅಂತೀವಿ.

ಆ ನಾಲ್ಕು ವರ್ಷವನ್ನು ನೋಡುವುದೇ ಮಜಾ. ಆದರೆ ಸುಮ್ನೆ ಸ್ಕೋರ್ ಪಟ್ಟಿ ನೋಡುತ್ತಾ ಕೂತರೆ ತಪ್ಪು ಹುಡುಗನ ಮೇಲೆ ಆಸೆ ಇಟ್ಟುಕೊಳ್ಳುತ್ತೀರಿ. ಉದಾಹರಣೆಗೆ ಇಲ್ಲಿ ಡಲ್ಲಾಸ್ ಸ್ಟಾರ್ಸ್ ತಂಡವನ್ನೇ ಇಟ್ಟುಕೊಳ್ಳುತ್ತೇನೆ. ಆ ತಂಡದ ಹುಡುಗರು ಎಲ್ಲಾ ದಾರಿಯಿಂದಲೂ ಬಂದಿದ್ದಾರೆ, ಹಾಗಾಗಿ ವಿವರಿಸೋದು ಸುಲಭ.

ಮೊದಲು ಒಂದು ಶೀಟ್ ಮಾಡಿ

ಒಂದು ಸ್ಪ್ರೆಡ್‌ಶೀಟ್ ಸಾಕು. ಹೆಸರು, ಹುಟ್ಟಿದ ದಿನಾಂಕ, ಡ್ರಾಫ್ಟ್ ಆದ ವರ್ಷ ಮತ್ತು ಸುತ್ತು, ಈಗ ಆಡುವ ತಂಡ, ಲೀಗ್, ಒಪ್ಪಂದಕ್ಕೆ ಸಹಿ ಆಗಿದೆಯಾ ಇಲ್ಲವಾ, ಕೊನೆಗೆ ನಿಮ್ಮ ಟಿಪ್ಪಣಿಗೆ ಒಂದು ಕಾಲಂ. ಇದಕ್ಕೆ ಬೇಕಾದ ಮಾಹಿತಿ ಹೆಚ್ಚುಕಡಿಮೆ ಎಲ್ಲವೂ ಎಲೀಟ್ ಪ್ರಾಸ್ಪೆಕ್ಟ್ಸ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹಳೆಯ ಅಂಕಿಅಂಶಕ್ಕೆ ಹಾಕಿಡಿಬಿ ಅನ್ನೋ ವೆಬ್‌ಸೈಟ್ ಚೆನ್ನಾಗಿದೆ. ತಂಡದ ಎಲ್ಲಾ ಪ್ರಾಸ್ಪೆಕ್ಟ್‌ಗಳನ್ನೂ ತುಂಬಲು ಹೋಗಬೇಡಿ. ಒಂದು ತಂಡ ಇಟ್ಟುಕೊಳ್ಳಬಹುದಾದ ಒಪ್ಪಂದಗಳೇ 50, ಅದರ ಮೇಲೆ ಸಹಿ ಮಾಡದ ಹುಡುಗರು ಬೇರೆ. ಎಂಟು ಹತ್ತು ಜನರನ್ನು ಆರಿಸಿ. ಮೊದಲ ಸುತ್ತಿನವರು ಇಬ್ಬರು ಮೂವರು, ಒಬ್ಬ ಗೋಲಿ (ಗೋಲ್‌ಕೀಪರ್), ಕೊನೆಯ ಸುತ್ತುಗಳಿಂದ ನಿಮಗೆ ಯಾಕೋ ಇಷ್ಟವಾದ ಒಬ್ಬಿಬ್ಬರು. ಆ ಕೊನೆಯವರನ್ನು ಬಿಡಬೇಡಿ. ಡಲ್ಲಾಸ್‌ನ ಕ್ಯಾಪ್ಟನ್ ಜೇಮಿ ಬೆನ್ 2007ರಲ್ಲಿ ಐದನೇ ಸುತ್ತಿನಲ್ಲಿ, 129ನೇ ಆಯ್ಕೆಯಾಗಿ ಬಂದವರು.

ಯಾವ ಹುಡುಗ ಯಾವ ಏಣಿಯಲ್ಲಿ?

ಇದು ಸ್ವಲ್ಪ ತಲೆನೋವಿನ ಭಾಗ. ಒಮ್ಮೆ ಅರ್ಥವಾದರೆ ಉಳಿದದ್ದೆಲ್ಲಾ ಸಲೀಸು.

ಕೆನಡಾದ ಜೂನಿಯರ್ ಹಾಕಿ ಅಂದರೆ ಸಿಎಚ್‌ಎಲ್. ಅದರ ಅಡಿಯಲ್ಲಿ ಮೂರು ಲೀಗ್: ಒಂಟಾರಿಯೊದ ಒಎಚ್‌ಎಲ್, ಪಶ್ಚಿಮದ ಡಬ್ಲ್ಯುಎಚ್‌ಎಲ್, ಕ್ವಿಬೆಕ್ ಕಡೆಯ ಕ್ಯುಎಂಜೆಎಚ್‌ಎಲ್. ಒಟ್ಟು ಸುಮಾರು 60 ತಂಡ, ಹುಡುಗರ ವಯಸ್ಸು ಹೆಚ್ಚಾಗಿ 16ರಿಂದ 20. ಅಮೆರಿಕದಲ್ಲಿ ಯುಎಸ್‌ಎಚ್‌ಎಲ್ ಇದೆ, ಅಲ್ಲಿಂದ ಹುಡುಗರು ಎನ್‌ಸಿಎಎ ಕಾಲೇಜು ಹಾಕಿಗೆ ಹೋಗುತ್ತಾರೆ. ಯುರೋಪಿನಲ್ಲಿ ಸ್ವೀಡನ್‌ನ ಎಸ್‌ಎಚ್‌ಎಲ್, ಫಿನ್ಲೆಂಡ್‌ನ ಲೀಗಾ, ರಷ್ಯಾದ ಕೆಎಚ್‌ಎಲ್. ಅಲ್ಲಿ ಹದಿನೆಂಟರ ಹುಡುಗ ಮೂವತ್ತು ದಾಟಿದ ಗಂಡಸರ ಜೊತೆ ಆಡಬೇಕು. ಇವೆಲ್ಲಾ ಮುಗಿದ ಮೇಲೆ ವೃತ್ತಿಪರ ಮೈನರ್ ಲೀಗ್: ಎನ್‌ಎಚ್‌ಎಲ್‌ನ ಒಂದು ಮೆಟ್ಟಿಲು ಕೆಳಗೆ ಎಎಚ್‌ಎಲ್, ಅದರ ಕೆಳಗೆ ಇಸಿಎಚ್‌ಎಲ್. ಡಲ್ಲಾಸ್‌ನ ಎಎಚ್‌ಎಲ್ ತಂಡ ಟೆಕ್ಸಸ್ ಸ್ಟಾರ್ಸ್, ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿದೆ. ಇಸಿಎಚ್‌ಎಲ್ ತಂಡ ಐಡಾಹೊ ಸ್ಟೀಲ್‌ಹೆಡ್ಸ್.

2017ರ ಡ್ರಾಫ್ಟ್ ಒಂದನ್ನೇ ನೋಡಿ. ಮೂರನೇ ಆಯ್ಕೆ ಮಿರೊ ಹೇಸ್ಕನೆನ್, ಇನ್ನೊಂದು ವರ್ಷ ಫಿನ್ಲೆಂಡ್‌ನಲ್ಲೇ ಆಡಿ ನೇರ ಎನ್‌ಎಚ್‌ಎಲ್‌ಗೆ ಬಂದರು. 26ನೇ ಆಯ್ಕೆ ಗೋಲಿ ಜೇಕ್ ಆಟಿಂಜರ್, ಬಾಸ್ಟನ್ ಯೂನಿವರ್ಸಿಟಿಯಲ್ಲಿ ಓದುತ್ತಾ ಆಡಿ ಆಮೇಲೆ ಟೆಕ್ಸಸ್ ಸ್ಟಾರ್ಸ್‌ಗೆ ಹೋದರು. 39ನೇ ಆಯ್ಕೆ ಜೇಸನ್ ರಾಬರ್ಟ್‌ಸನ್ ಒಎಚ್‌ಎಲ್‌ಗೆ ವಾಪಸ್. ಒಂದೇ ದಿನದ ಆಸುಪಾಸಿನಲ್ಲಿ ಆರಿಸಿದ ಮೂವರು, ಮೂರು ದಾರಿ. ಮೂವರಿಗೂ ಒಂದೇ ಅಳತೆಗೋಲು ಹಿಡಿದರೆ ಆಗುತ್ತಾ?

ಸಿಎಚ್‌ಎಲ್‌ನಿಂದ ಬಂದವರ ವಿಷಯದಲ್ಲಿ ಒಂದು ನಿಯಮ ಗೊತ್ತಿರಲೇಬೇಕು. ಎನ್‌ಎಚ್‌ಎಲ್ ಮತ್ತು ಸಿಎಚ್‌ಎಲ್ ನಡುವೆ ವರ್ಷಗಳಿಂದ ಇರುವ ಒಪ್ಪಂದದ ಪ್ರಕಾರ 20 ತುಂಬದ ಸಿಎಚ್‌ಎಲ್ ಹುಡುಗನನ್ನು ಎಎಚ್‌ಎಲ್‌ಗೆ ಕಳಿಸುವಂತಿಲ್ಲ. ಒಂದೋ ಎನ್‌ಎಚ್‌ಎಲ್‌ನಲ್ಲಿ ಇಟ್ಟುಕೊಳ್ಳಬೇಕು, ಇಲ್ಲ ಜೂನಿಯರ್‌ಗೆ ವಾಪಸ್ ಕಳಿಸಬೇಕು. ಹಾಗಾಗಿ "ಇಷ್ಟು ಚೆನ್ನಾಗಿ ಆಡ್ತಾನೆ, ಯಾಕೆ ಎಎಚ್‌ಎಲ್‌ಗೆ ಹಾಕಿಲ್ಲ" ಅಂತ ತಂಡದ ಮೇಲೆ ಸಿಟ್ಟಾಗುವ ಮೊದಲು ಹುಟ್ಟಿದ ದಿನಾಂಕ ನೋಡಿ. ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘ 2025ರಲ್ಲಿ ಒಪ್ಪಿಕೊಂಡ ಹೊಸ ಕರಾರಿನಲ್ಲಿ ಇದು ಸಡಿಲವಾಗಿದೆ: 2026-27ರಿಂದ ತಂಡವೊಂದು 19 ವರ್ಷದ ಒಬ್ಬ ಹುಡುಗನನ್ನು ಎಎಚ್‌ಎಲ್‌ಗೆ ಕಳಿಸಬಹುದು. ಒಬ್ಬನನ್ನು ಮಾತ್ರ. ಆ ಒಬ್ಬ ಯಾರು ಅಂತ ನೋಡಿದರೆ ತಂಡದ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಬದಲಾವಣೆಯೂ ಆಗಿದೆ. ಮೊದಲು ಸಿಎಚ್‌ಎಲ್‌ನಲ್ಲಿ ಆಡಿದವನಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚಿರುತ್ತಿತ್ತು. 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಆ ನಿಯಮ ತೆಗೆಯಿತು, 2025ರ ಆಗಸ್ಟ್‌ನಿಂದ ಜಾರಿ. ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ಟೈಗರ್ಸ್‌ನಲ್ಲಿ ಮಿಂಚುತ್ತಿದ್ದ ಗ್ಯಾವಿನ್ ಮೆಕೆನಾ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಹೀಗೆ. ಅಂದರೆ ಜೂನಿಯರ್‌ನಲ್ಲಿದ್ದ ಹುಡುಗ ಬೇಸಿಗೆಯಲ್ಲಿ ಕಾಲೇಜಿಗೆ ಹಾರಬಹುದು. ನಿಮ್ಮ ಶೀಟ್‌ನ ತಂಡದ ಕಾಲಂ ಆಗಸ್ಟ್‌ನಲ್ಲಿ ಒಮ್ಮೆ ತಪ್ಪದೆ ನೋಡಿಕೊಳ್ಳಿ.

ಪಾಯಿಂಟ್ ನಂಬುವ ಮೊದಲು

ಗೋಲ್ ಪ್ಲಸ್ ಅಸಿಸ್ಟ್ (ಗೋಲ್‌ಗೆ ದಾರಿ ಮಾಡಿಕೊಟ್ಟ ಪಾಸ್) ಅಂದರೆ ಪಾಯಿಂಟ್, ಇಷ್ಟು ಎಲ್ಲರಿಗೂ ಗೊತ್ತು. ಅದನ್ನು ಓದುವಾಗ ಮೂರು ವಿಷಯ ಜೊತೆಗಿರಲಿ: ವಯಸ್ಸು, ಲೀಗ್, ಪಾತ್ರ. ನನ್ನ ಪ್ರಕಾರ ಈ ಮೂರರಲ್ಲಿ ಜನ ಜಾಸ್ತಿ ಮರೆಯುವುದು ವಯಸ್ಸನ್ನು.

ಡ್ರಾಫ್ಟ್‌ಗೆ ಸೆಪ್ಟೆಂಬರ್ 15 ಗಡಿ. ಆ ದಿನದೊಳಗೆ 18 ತುಂಬಿದವನಿಗೆ ಆ ವರ್ಷದ ಡ್ರಾಫ್ಟ್, ಮರುದಿನ ತುಂಬುವವನು ಇಡೀ ಒಂದು ವರ್ಷ ಕಾಯಬೇಕು. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17. ಎರಡೇ ದಿನದಲ್ಲಿ 2015ರ ಡ್ರಾಫ್ಟ್ ತಪ್ಪಿತು. ಆ ವರ್ಷ ಅವರು ಜೂರಿಕ್‌ನಲ್ಲಿ ದೊಡ್ಡವರ ಜೊತೆ ಆಡಿ, 2016ರಲ್ಲಿ ಮೊದಲ ಆಯ್ಕೆಯಾದರು. ಹೀಗಾಗಿ ಒಂದೇ ಡ್ರಾಫ್ಟ್‌ನ ಇಬ್ಬರ ಮಧ್ಯೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ ಇರಬಹುದು, ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಮೈಕಟ್ಟೇ ಬೇರೆ. ಹದಿನೇಳರಲ್ಲಿ 70 ಪಾಯಿಂಟ್ ಮಾಡಿದವನನ್ನೂ ಹತ್ತೊಂಬತ್ತರಲ್ಲಿ 70 ಮಾಡಿದವನನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಹತ್ತೊಂಬತ್ತರವನು ಅಲ್ಲಿ ದೊಡ್ಡಣ್ಣ, ಎದುರಿಗೆ ಹದಿನಾರರ ಹುಡುಗರಿರುತ್ತಾರೆ. ಅವನು ಪಾಯಿಂಟ್ ಮಾಡಲೇಬೇಕು.

ಲೀಗ್‌ನಿಂದ ಲೀಗ್‌ಗೆ ಹೋಲಿಸಲು ಎನ್‌ಎಚ್‌ಎಲ್ ಇಕ್ವಿವಲೆನ್ಸಿ ಅನ್ನೋ ಲೆಕ್ಕ ಇದೆ. ಒಂದು ಲೀಗ್‌ನ ಪಾಯಿಂಟ್‌ಗೆ ಒಂದು ಗುಣಾಂಕ ಹಾಕಿ ಎನ್‌ಎಚ್‌ಎಲ್‌ನಲ್ಲಿ ಎಷ್ಟಾಗಬಹುದು ಅಂತ ಅಂದಾಜು ಮಾಡುತ್ತಾರೆ. ಎಎಚ್‌ಎಲ್‌ನ ಗುಣಾಂಕ ಜೂನಿಯರ್ ಲೀಗ್‌ಗಳದ್ದಕ್ಕಿಂತ ಜಾಸ್ತಿ, ಅದು ಸಹಜ. ಒಳ್ಳೆಯ ಸಾಧನ, ಆದರೆ ಅದು ಸರಾಸರಿ. ಡಿಫೆನ್ಸ್‌ಮನ್‌ಗಳ ಬಗ್ಗೆ ಅರ್ಧ ಕಥೆ ಮಾತ್ರ ಹೇಳುತ್ತದೆ, ಗೋಲಿಗಳ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನು ಪಾತ್ರ. ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶದ ಪಟ್ಟಿ) ತೆಗೆದು ನೋಡಿ: ಪಾಯಿಂಟ್‌ಗಳಲ್ಲಿ ಎಷ್ಟು ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯೊಬ್ಬ ಪೆನಾಲ್ಟಿಯಿಂದ ಹೊರಗಿದ್ದಾಗ, ಬಂದಿವೆ? ಅಸಿಸ್ಟ್‌ನಲ್ಲಿ ಎಷ್ಟು ಮೊದಲನೇ ಅಸಿಸ್ಟ್ (ಗೋಲ್ ಹೊಡೆದವನಿಗೆ ನೇರವಾಗಿ ಕೊಟ್ಟ ಪಾಸ್), ಎಷ್ಟು ಎರಡನೇದು (ಅದಕ್ಕೂ ಹಿಂದಿನ ಪಾಸ್)? ಒಂದೊಂದು ಪಂದ್ಯದಲ್ಲಿ ಎಷ್ಟು ಶಾಟ್ ಹೊಡೆಯುತ್ತಾನೆ? ಐವರ ಎದುರು ಐವರು ಇದ್ದಾಗ ಶಾಟ್ ಹೊಡೆಯುತ್ತಲೇ ಇರುವ ಹುಡುಗನಿಗೆ ಹತ್ತು ಪಂದ್ಯ ಗೋಲ್ ಬರದಿದ್ದರೂ ನಾನು ಚಿಂತೆ ಮಾಡುವುದಿಲ್ಲ. ಸ್ವೀಡನ್‌ನಲ್ಲಿ ಆಡುವವನ ಹೆಸರಿನ ಮುಂದೆ 30 ಪಂದ್ಯ, ಎರಡು ಪಾಯಿಂಟ್ ಅಂತಿದ್ದರೆ ಗಾಬರಿ ಬೇಡ, ಐಸ್ ಟೈಮ್, ಅಂದರೆ ಪಂದ್ಯದಲ್ಲಿ ಆಡಲು ಸಿಕ್ಕ ಸಮಯ, ನೋಡಿ. ನಾಲ್ಕನೇ ಲೈನ್‌ನಲ್ಲಿ (ಸರದಿಯ ಮೇಲೆ ಇಳಿಯುವ ಗುಂಪುಗಳಲ್ಲಿ ಕೊನೆಯದು) ಆರೇಳು ನಿಮಿಷ ಸಿಗುವವನು ಏನು ತಾನೇ ಮಾಡಿಯಾನು.

ಎಎಚ್‌ಎಲ್ ಪಾಯಿಂಟ್ ಕೂಡ ಭರವಸೆ ಅಲ್ಲ. ಮ್ಯಾವ್ರಿಕ್ ಬುರ್ಕ್ 2023-24ರಲ್ಲಿ ಟೆಕ್ಸಸ್ ಸ್ಟಾರ್ಸ್ ಪರ 77 ಪಾಯಿಂಟ್ ಮಾಡಿ ಇಡೀ ಎಎಚ್‌ಎಲ್‌ನಲ್ಲಿ ಮೊದಲಿಗರು, ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ) ಕೂಡ. ಮುಂದಿನ ಸೀಸನ್ ಡಲ್ಲಾಸ್‌ನಲ್ಲಿ 25 ಪಾಯಿಂಟ್. ಹುಡುಗ ಹಾಳಾದ ಅಂತಲ್ಲ. ಅಲ್ಲಿ ಮೊದಲ ಲೈನ್, ಮೊದಲ ಪವರ್ ಪ್ಲೇ ಇತ್ತು. ಇಲ್ಲಿ ಅವೆಲ್ಲಾ ಬೇರೆಯವರ ಕೈಯಲ್ಲಿ.

ಇದಕ್ಕೆ ತದ್ವಿರುದ್ಧ ವಯಾಟ್ ಜಾನ್‌ಸ್ಟನ್ ಕಥೆ. ಡ್ರಾಫ್ಟ್ ಆಗಬೇಕಿದ್ದ 2020-21ರಲ್ಲಿ ಕೋವಿಡ್‌ನಿಂದ ಒಎಚ್‌ಎಲ್ ಸೀಸನ್ನೇ ರದ್ದು. ಲೀಗ್‌ನಲ್ಲಿ ನೋಡಲು ಪಂದ್ಯವೇ ಇಲ್ಲ! ಆದರೂ ಡಲ್ಲಾಸ್ 23ನೇ ಆಯ್ಕೆಯಲ್ಲಿ ತೆಗೆದುಕೊಂಡಿತು. ಮರು ವರ್ಷ ಒಎಚ್‌ಎಲ್‌ನ ವಿಂಡ್ಸರ್ ತಂಡದಲ್ಲಿ 124 ಪಾಯಿಂಟ್, ಲೀಗ್‌ನಲ್ಲೇ ಹೆಚ್ಚು. 2022ರ ಅಕ್ಟೋಬರ್‌ಗೆ ವಯಸ್ಸು 19, ಎಎಚ್‌ಎಲ್‌ಗೆ ಕಳಿಸುವ ಹಾಗಿಲ್ಲ, ವಿಂಡ್ಸರ್‌ನಲ್ಲಿ ಕಲಿಯಲು ಏನೂ ಉಳಿದಿಲ್ಲ. ಡಲ್ಲಾಸ್‌ನಲ್ಲೇ ಉಳಿಸಿಕೊಂಡರು, ಆ ಸೀಸನ್ 24 ಗೋಲ್.

ರಾಬರ್ಟ್‌ಸನ್‌ಗೆ ಇದ್ದ ದೂರು ಸ್ಕೇಟಿಂಗ್ ನಿಧಾನ ಅನ್ನೋದು. 2018-19ರಲ್ಲಿ ಸೀಸನ್ ಮಧ್ಯೆ ಒಎಚ್‌ಎಲ್‌ನ ಕಿಂಗ್‌ಸ್ಟನ್‌ನಿಂದ ನಯಾಗರಾ ತಂಡಕ್ಕೆ ಟ್ರೇಡ್ (ತಂಡಗಳ ನಡುವಿನ ವಿನಿಮಯ) ಆಗಿ 117 ಪಾಯಿಂಟ್ ಮಾಡಿದಾಗಲೂ "ಜೂನಿಯರ್‌ನಲ್ಲಿ ನಡೆಯುತ್ತೆ, ಮೇಲೆ ನಡೆಯಲ್ಲ" ಅನ್ನುವ ಅನುಮಾನ ಹೋಗಿರಲಿಲ್ಲ. ಒಂದು ವರ್ಷ ಎಎಚ್‌ಎಲ್‌ನಲ್ಲಿ 60 ಪಂದ್ಯ, 47 ಪಾಯಿಂಟ್. 2022-23ರಲ್ಲಿ ಎನ್‌ಎಚ್‌ಎಲ್‌ನಲ್ಲೇ 109. ಹಾಗಾಗಿ ಯಾವುದೇ ಸ್ಕೌಟಿಂಗ್ ವರದಿಯಲ್ಲಿ ಒಂದು ದೋಷ ಬರೆದಿದ್ದರೆ, ಅದು ತಿದ್ದಬಹುದಾದದ್ದಾ, ಅದನ್ನು ಮೀರಿಸುವ ಬೇರೆ ಗುಣ ಇದೆಯಾ ಅಂತ ನೋಡಿ. ಅವರ ಕೈಚಳಕ ಮತ್ತು ಆಟ ಓದುವ ಬುದ್ಧಿ ಕಾಲಿನ ಕೊರತೆಯನ್ನು ತುಂಬಿಕೊಟ್ಟವು.

ಪಂದ್ಯ ನೋಡುವಾಗ

ಎಎಚ್‌ಎಲ್, ಇಸಿಎಚ್‌ಎಲ್ ಪಂದ್ಯಗಳು ಫ್ಲೋಹಾಕಿಯಲ್ಲಿ ಚಂದಾ ಕಟ್ಟಿದರೆ ಸಿಗುತ್ತವೆ. ಕಾಲೇಜು ಪಂದ್ಯಗಳು ಹೆಚ್ಚಾಗಿ ಶುಕ್ರವಾರ, ಶನಿವಾರ. ಎಲ್ಲಾ ನೋಡಲು ಯಾರಿಂದಲೂ ಆಗಲ್ಲ, ತಿಂಗಳಿಗೆ ಒಬ್ಬ ಹುಡುಗನ ಒಂದು ಪೂರ್ತಿ ಪಂದ್ಯ ನೋಡಿದರೂ ಹತ್ತು ಹೈಲೈಟ್‌ಗಿಂತ ಮೇಲು. ಹೈಲೈಟ್‌ನಲ್ಲಿ ಎಲ್ಲರೂ ಸ್ಟಾರ್‌ಗಳೇ ಅಲ್ವಾ.

ನೋಡುವಾಗ ಪಕ್ (ಇಲ್ಲಿ ಚೆಂಡಿನ ಬದಲು ಇರುವ ಚಪ್ಪಟೆ ಬಿಲ್ಲೆ) ಹಿಂದೆ ಕಣ್ಣು ಓಡಿಸಬೇಡಿ. ಆ ಹುಡುಗನ ನಂಬರ್ ಮೇಲೆ ಕಣ್ಣಿಡಿ. ಪಕ್ ಅವನ ಹತ್ತಿರ ಇಲ್ಲದಾಗ ಎಲ್ಲಿ ನಿಂತಿರುತ್ತಾನೆ, ಎದುರಾಳಿ ಮೈಮೇಲೆ ಬಿದ್ದಾಗ ಪಕ್ ಕಳೆದುಕೊಳ್ಳುತ್ತಾನಾ, ಪಾಸ್ ಬರುವ ಮೊದಲೇ ತಲೆ ಎತ್ತಿ ಸುತ್ತ ನೋಡುತ್ತಾನಾ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕೊನೆಯ ಎರಡು ನಿಮಿಷ: ತಂಡ ಒಂದು ಗೋಲ್ ಮುಂದಿರುವಾಗ ಕೋಚ್ ಅವನನ್ನು ಐಸ್ ಮೇಲೆ ಬಿಡುತ್ತಾರಾ, ಬೆಂಚ್ ಮೇಲೆ ಕೂರಿಸುತ್ತಾರಾ? ಅಂಕಿಅಂಶದ ಪುಟದಲ್ಲಿ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

ಗೋಲಿಗಳ ವಿಷಯದಲ್ಲಿ ಮಾತ್ರ ತಾಳ್ಮೆ, ತಾಳ್ಮೆ. ಕಾನರ್ ಹೆಲೆಬಕ್ 2012ರಲ್ಲಿ 130ನೇ ಆಯ್ಕೆ. ಕಾಲೇಜು, ಆಮೇಲೆ ಎಎಚ್‌ಎಲ್, ಆಮೇಲೆ ಎನ್‌ಎಚ್‌ಎಲ್‌ನ ವಿನ್ನಿಪೆಗ್ ತಂಡ. ಇಪ್ಪತ್ತರ ಗೋಲಿಯನ್ನು ಒಂದು ಕೆಟ್ಟ ಸೀಸನ್‌ಗೆ ಶೀಟ್‌ನಿಂದ ಅಳಿಸಬೇಡಿ.

ವರ್ಷದ ಕ್ಯಾಲೆಂಡರ್

ಜೂನ್ ಕೊನೆಗೆ ಡ್ರಾಫ್ಟ್, ಜುಲೈನಲ್ಲಿ ಡೆವಲಪ್‌ಮೆಂಟ್ ಕ್ಯಾಂಪ್, ಸೆಪ್ಟೆಂಬರ್‌ನಲ್ಲಿ ಹೊಸಬರ ಟೂರ್ನಿ. ಕ್ಯಾಂಪ್ ಸುದ್ದಿಗೆ ಜಾಸ್ತಿ ಬೆಲೆ ಕೊಡಬೇಡಿ, ಅಲ್ಲಿ ಎಲ್ಲರೂ "ಚೆನ್ನಾಗಿ ಕಾಣ್ತಿದ್ದಾರೆ".

ಅಕ್ಟೋಬರ್‌ನಲ್ಲಿ ಒಂಬತ್ತು ಪಂದ್ಯದ ಲೆಕ್ಕ ಬರುತ್ತದೆ. 18 ಅಥವಾ 19ರ ಹುಡುಗ ಎನ್‌ಎಚ್‌ಎಲ್‌ನಲ್ಲಿ ಹತ್ತು ಪಂದ್ಯ ಆಡದಿದ್ದರೆ ಅವನ ಮೂರು ವರ್ಷದ ಮೊದಲ ಒಪ್ಪಂದ ಒಂದು ವರ್ಷ ಮುಂದಕ್ಕೆ ಜಾರುತ್ತದೆ. ಅದಕ್ಕೇ ಒಂಬತ್ತನೇ ಪಂದ್ಯ ಆದ ಕೂಡಲೇ ಕೆಲವರನ್ನು ವಾಪಸ್ ಕಳಿಸುತ್ತಾರೆ. ಅದರಲ್ಲಿ ಆಟಕ್ಕಿಂತ ದುಡ್ಡಿನ ಲೆಕ್ಕವೇ ಜಾಸ್ತಿ ಇರುತ್ತದೆ.

ಡಿಸೆಂಬರ್ 26ರಿಂದ ವರ್ಲ್ಡ್ ಜೂನಿಯರ್ಸ್, 20ರ ಒಳಗಿನವರ ವಿಶ್ವ ಟೂರ್ನಿ. ಬೇರೆ ಬೇರೆ ಲೀಗ್‌ನ ಹುಡುಗರು ಒಂದೇ ಐಸ್ ಮೇಲೆ ಸಿಗುವುದು ಇಲ್ಲೇ, ಖಂಡಿತ ನೋಡಿ, ಆದರೆ ಏಳು ಪಂದ್ಯದಲ್ಲಿ ಯಾರ ಹಣೆಬರಹವನ್ನೂ ಬರೆಯಬೇಡಿ. ಕಾಲೇಜು ಸೀಸನ್ ಮಾರ್ಚ್, ಏಪ್ರಿಲ್‌ನಲ್ಲಿ ಮುಗಿಯುತ್ತಿದ್ದಂತೆ ಸಹಿಗಳ ಸುಗ್ಗಿ, ಆಗ ಕೆಲವರು ನೇರವಾಗಿ ಎಎಚ್‌ಎಲ್‌ಗೆ ಬಂದು ಸೀಸನ್‌ನ ಕೊನೆಯ ಪಂದ್ಯಗಳನ್ನು ಆಡುತ್ತಾರೆ. ಸಹಿಗೆ ಗಡುವೂ ಇದೆ. ಇಷ್ಟು ವರ್ಷ ನಡೆದುಬಂದಂತೆ ಸಿಎಚ್‌ಎಲ್ ಹುಡುಗನಾದರೆ ಡ್ರಾಫ್ಟ್ ಆಗಿ ಎರಡು ವರ್ಷ, ಜೂನ್ 1ರ ಒಳಗೆ. ಕಾಲೇಜಿಗೆ ಹೋದವನಿಗೆ ಹೆಚ್ಚಾಗಿ ನಾಲ್ಕು ವರ್ಷ. ರಷ್ಯಾದಲ್ಲಿರುವವರು ಇನ್ನೂ ತಡ ಮಾಡಬಹುದು: ಮಿನೆಸೋಟ 2015ರಲ್ಲಿ ಆರಿಸಿದ ಕಿರಿಲ್ ಕಪ್ರಿಜೋವ್ ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ ಆಡಿದ್ದು 2021ರ ಜನವರಿಯಲ್ಲಿ.

ಎಎಚ್‌ಎಲ್‌ನಲ್ಲಿ ಹುಡುಗ ಇದ್ದಕ್ಕಿದ್ದಂತೆ ಕಾಣೆಯಾದರೆ ಲೀಗ್‌ನ ಟ್ರಾನ್ಸಾಕ್ಷನ್ ಪುಟ ನೋಡಿ. ಮೇಲಕ್ಕೆ ಕರೆಸಿಕೊಂಡಿರಬಹುದು, ಇಸಿಎಚ್‌ಎಲ್‌ಗೆ ಇಳಿಸಿರಬಹುದು. ಎರಡೂ ಇಲ್ಲ ಅಂದರೆ ಗಾಯ ಇರಬಹುದು, ಅದನ್ನು ತಂಡಗಳು ಬಾಯಿಬಿಟ್ಟು ಹೇಳುವುದು ಕಡಿಮೆ. ಆ ಊರಿನಲ್ಲಿ ತಂಡದ ಬಗ್ಗೆ ಬರೆಯುವ ಪತ್ರಕರ್ತರು ಒಬ್ಬರೋ ಇಬ್ಬರೋ ಇರುತ್ತಾರೆ, ಅವರನ್ನು ಫಾಲೋ ಮಾಡಿ.

ಟ್ರೇಡ್‌ಗೂ ತಯಾರಿರಿ. ಲೋಗನ್ ಸ್ಟಾಂಕೊವೆನ್ 2021ರಲ್ಲಿ 47ನೇ ಆಯ್ಕೆ, ಟೆಕ್ಸಸ್ ಸ್ಟಾರ್ಸ್‌ನಲ್ಲಿ 47 ಪಂದ್ಯಕ್ಕೆ 57 ಪಾಯಿಂಟ್ ಮಾಡಿ ಮೇಲೆ ಬಂದರು. ಡಲ್ಲಾಸ್ ಅಭಿಮಾನಿಗಳ ಕಣ್ಮಣಿ. 2025ರ ಮಾರ್ಚ್‌ನಲ್ಲಿ ಮಿಕ್ಕೊ ರಾಂಟನೆನ್‌ಗಾಗಿ ಅವರನ್ನು ಕ್ಯಾರೊಲೈನಾಗೆ ಕೊಟ್ಟರು. ಇಂಥವರಿಗೆ ಶೀಟ್‌ನಲ್ಲಿ ಬೇರೆ ಟ್ಯಾಬ್ ಮಾಡಿ, ಸಾಲು ಅಳಿಸಬೇಡಿ. ಟ್ರೇಡ್ ಲಾಭವಾಯಿತಾ ನಷ್ಟವಾಯಿತಾ ಅಂತ ಮೂರು ವರ್ಷ ಬಿಟ್ಟು ಜಗಳ ಮಾಡಲು ಆ ಸಾಲು ಬೇಕಾಗುತ್ತದೆ.