ವಿಷ ಹೊಟ್ಟೆಗೆ ಹೋದಾಗ: ವಾಂತಿ ಮಾಡಿಸಬೇಕೆ?

ಮಗು ಏನೋ ಕುಡಿದುಬಿಟ್ಟಿದೆ, ಇಲ್ಲವೇ ನಾಯಿ ಏನೋ ನುಂಗಿಬಿಟ್ಟಿದೆ. ಸುತ್ತ ಹತ್ತು ಜನ ಇದ್ದರೆ ಹತ್ತೂ ಜನ ಹೇಳುವುದು ಒಂದೇ: ‘ಮೊದಲು ವಾಂತಿ ಮಾಡಿಸಿ!’ ಒಳಗೆ ಹೋದದ್ದು ಹೊರಗೆ ಬಂದರೆ ಆಯಿತಲ್ಲ ಎಂಬ ಲೆಕ್ಕ. ಮನುಷ್ಯರ ಮಟ್ಟಿಗೆ ಮನೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನಾಯಿಯ ಮಟ್ಟಿಗೆ ಕೆಲವೊಮ್ಮೆ ನಡೆಯುತ್ತದೆ, ಅದೂ ಪಶುವೈದ್ಯರು ಹೇಳಿದರೆ.

ಮೊದಲು ಉಸಿರು ನೋಡಿ. ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬರುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ ತಕ್ಷಣ ಆಂಬುಲೆನ್ಸ್ ಕರೆಸಿ. ಅದು ಬರುವತನಕ ಮಗ್ಗುಲಾಗಿ ಮಲಗಿಸಿ. ಎಚ್ಚರವಿದ್ದರೆ ಬಾಯಲ್ಲಿ ಉಳಿದದ್ದನ್ನು ಉಗುಳಿಸಿ, ತುಟಿ ಒರೆಸಿ.

ಎರಡನೆಯದು, ಡಬ್ಬಿ ಹುಡುಕುವುದು. ಗಾಬರಿಯಲ್ಲಿ ಎಲ್ಲರೂ ಮರೆಯುವ ಕೆಲಸ ಇದು, ಆದರೆ ವೈದ್ಯರು ಮೊದಲು ಕೇಳುವುದೂ ಇದನ್ನೇ. ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಆರು ಗುಳಿ ಖಾಲಿ. ಒಂದನ್ನು ನಿನ್ನೆ ನೀವೇ ನುಂಗಿದ್ದೀರಿ, ಎರಡು ಮಂಚದ ಕೆಳಗೆ ಬಿದ್ದಿವೆ. ಅಂದರೆ ಮಗುವಿನ ಹೊಟ್ಟೆಗೆ ಹೋಗಿರುವುದು ಹೆಚ್ಚೆಂದರೆ ಮೂರು. ಹೆಸರು, ಎಷ್ಟು, ಎಷ್ಟು ಹೊತ್ತಾಯಿತು, ತೂಕ ಎಷ್ಟು ಎಂಬ ನಾಲ್ಕು ವಿವರ ಕೈಯಲ್ಲಿಟ್ಟುಕೊಂಡು ವಿಷ ಮಾಹಿತಿ ಕೇಂದ್ರಕ್ಕೋ ಆಸ್ಪತ್ರೆಗೋ ಫೋನ್ ಮಾಡಿ. ಪ್ರಾಣಿಯಾದರೆ ಪಶುವೈದ್ಯರಿಗೆ.

ವಾಂತಿಯ ಮಾತಿಗೆ ಬರೋಣ. ಬ್ರೆಜಿಲ್ ಮೂಲದ ಗಿಡವೊಂದರ ಬೇರಿನಿಂದ ತಯಾರಾಗುವ, ವಾಂತಿ ಮಾಡಿಸುವ ಇಪೆಕ್ಯಾಕ್ ಸಿರಪ್ 1965ರಿಂದ ಅಮೆರಿಕದಲ್ಲಿ ಚೀಟಿಯಿಲ್ಲದೆ ಸಿಗುತ್ತಿತ್ತು. ಮಕ್ಕಳಿರುವ ಮನೆಯಲ್ಲಿ ಒಂದು ಬಾಟಲಿ ಇರಲೇಬೇಕು ಎಂದು ವೈದ್ಯರೇ ಹೇಳುತ್ತಿದ್ದರು. 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ‘ಮನೆಯಲ್ಲಿ ಬೇಡ’ ಎಂದಿತು. ಕಾರಣ ಸರಳ. ಸಿರಪ್ ಕುಡಿಸಿ ವಾಂತಿಯಾಗುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿರುತ್ತದೆ, ಆಗಲೂ ವಿಷವೆಲ್ಲ ಹೊರಬರುವುದಿಲ್ಲ. ಮೇಲಾಗಿ ವಾಂತಿ ನಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಕೊಡುವ, ವಿಷ ಹೀರಿಕೊಳ್ಳುವ ಇದ್ದಿಲಿನ ಔಷಧವೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಳೆಯ ಬಾಟಲಿ ಕಪಾಟಿನಲ್ಲಿದ್ದರೆ ಆಚೆ ಹಾಕಿ.

ಉಪ್ಪುನೀರು ಕುಡಿಸುವುದು ಇದಕ್ಕಿಂತ ಕೆಟ್ಟದ್ದು. ರಕ್ತದಲ್ಲಿ ಸೋಡಿಯಂ ಏರಿ ಮಕ್ಕಳೂ ನಾಯಿಗಳೂ ಸತ್ತದ್ದುಂಟು. ಗಂಟಲಿಗೆ ಬೆರಳು ಹಾಕುವುದೂ ಬೇಡ. ಟಾಯ್ಲೆಟ್ ಕ್ಲೀನರ್, ಆಸಿಡ್‌ಗಳು ಇಳಿಯುವಾಗ ಸುಟ್ಟ ಗಂಟಲನ್ನು ಹತ್ತುವಾಗ ಮತ್ತೆ ಸುಡುತ್ತವೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್‌ಗಳ ಕಥೆ ಬೇರೆ: ಅವು ಹೊಟ್ಟೆಯಲ್ಲಿದ್ದಾಗಿನ ಹಾನಿಗಿಂತ ವಾಂತಿಯ ಜೊತೆ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದಾಗಿನ ಹಾನಿ ದೊಡ್ಡದು. ತೂಕಡಿಸುತ್ತಿರುವವರಲ್ಲಿ ಯಾವ ವಿಷಕ್ಕೂ ಇದೇ ಭಯ.

ನಾಯಿ ತನಗೆ ವಿಷವಾಗುವ ಚಾಕೊಲೇಟನ್ನೋ ಒಣದ್ರಾಕ್ಷಿಯನ್ನೋ ತಿಂದು ಎರಡು ಗಂಟೆಯೊಳಗಾಗಿದ್ದು, ಚುರುಕಾಗಿದ್ದರೆ, ಪಶುವೈದ್ಯರು ವಾಂತಿ ಬರಿಸುವ ಅಪೊಮಾರ್ಫಿನ್ ಚುಚ್ಚುತ್ತಾರೆ. ಅದೇ ಕೆಲಸಕ್ಕೆ ಕಣ್ಣಿಗೆ ಹಾಕುವ ರೋಪಿನಿರೋಲ್ ಹನಿಯೂ ಇದೆ. ಕ್ಲಿನಿಕ್ ದೂರವಿದ್ದರೆ ಫೋನಿನಲ್ಲೇ 3% ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಲು ಹೇಳಬಹುದು, ತೂಕಕ್ಕೆ ತಕ್ಕ ಅಳತೆಯಲ್ಲಿ. ಅವರು ಹೇಳದೆ ಒಂದು ಹನಿಯೂ ಬೇಡ, ಹೇಳಿದರೂ 3ಕ್ಕಿಂತ ಗಟ್ಟಿಯದು ಬೇಡ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ವಾಂತಿ ಉಸಿರುನಾಳಕ್ಕೆ ಹೋಗುವ ಅಪಾಯ ಹೆಚ್ಚು. ಬೆಕ್ಕಿಗೆ ಪೆರಾಕ್ಸೈಡ್ ಕೊಡಲೇಬಾರದು, ಹೊಟ್ಟೆಯ ಒಳಪದರ ಹುಣ್ಣಾಗಿ ರಕ್ತ ಬರುತ್ತದೆ. ಮೊಲ, ಇಲಿಗಳಿಗಂತೂ ವಾಂತಿ ಮಾಡಲು ಬರುವುದೇ ಇಲ್ಲ.

ತಾನಾಗಿ ವಾಂತಿಯಾದರೆ ತಲೆ ತಗ್ಗಿಸಿ ಹಿಡಿಯಿರಿ, ಸ್ವಲ್ಪವನ್ನು ಚೀಲದಲ್ಲಿ ಕಟ್ಟಿಕೊಂಡು ಡಬ್ಬಿಯ ಜೊತೆ ಒಯ್ಯಿರಿ. ವಾಂತಿಯಾಯಿತು, ಈಗ ಆರಾಮಾಗಿದ್ದಾನೆ ಎಂದು ಮನೆಯಲ್ಲೇ ಉಳಿಯಬೇಡಿ. ಪ್ಯಾರಾಸಿಟಮಾಲ್ ಹೆಚ್ಚಾದವರು ಮೊದಲ ದಿನ ಓಡಾಡಿಕೊಂಡೇ ಇರುತ್ತಾರೆ, ಯಕೃತ್ತು ಕೆಟ್ಟದ್ದು ಆಮೇಲೆ ತಿಳಿಯುತ್ತದೆ. ಅದರ ಪ್ರತಿವಿಷ ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿ ಪಾಷಾಣ ತಿಂದ ನಾಯಿಯೂ ಎರಡು-ಮೂರು ದಿನ ಬಾಲ ಅಲ್ಲಾಡಿಸಿಕೊಂಡೇ ಇರುತ್ತದೆ.