ಸಚಿತ್ರ ಇತಿಹಾಸ ಪುಸ್ತಕ ಕೊಳ್ಳುವ ಮುನ್ನ
ಕಲೆ, ಯುದ್ಧ, ಇತಿಹಾಸದ ದುಬಾರಿ ಸಚಿತ್ರ ಪುಸ್ತಕ ಕೈಗೆ ಸಿಕ್ಕರೆ ಮೊದಲು ಹಿಂದಿನಿಂದ ತೆರೆದು ‘ಚಿತ್ರ ಕೃಪೆ’ ಪುಟ ನೋಡಿ. ಅಲ್ಲಿ ಮ್ಯೂಸಿಯಂ ಹೆಸರಿದ್ದರೆ ಅದೇ ಚಿತ್ರವನ್ನು ಮೊಬೈಲಿನಲ್ಲಿ ಆ ಮ್ಯೂಸಿಯಂ ಜಾಲತಾಣದಿಂದ ತೆಗೆದು ಪುಸ್ತಕದ ಪಕ್ಕ ಹಿಡಿಯಿರಿ. ಪ್ರಕಾಶಕರು ಬಳಸುವುದೂ ಸಾಮಾನ್ಯವಾಗಿ ಮ್ಯೂಸಿಯಂ ಕೊಟ್ಟ ಫೋಟೊವನ್ನೇ. ಹಾಗಾಗಿ ಬಣ್ಣ ರಾಡಿಯಾಗಿದ್ದರೆ, ಅಂಚು ಕತ್ತರಿಸಿದ್ದರೆ ಅದು ಪುಸ್ತಕದವರದೇ ಕೆಲಸ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒತ್ತೆಯಾಳುಗಳಾಗಿ ಬರಮಾಡಿಕೊಂಡ ದೃಶ್ಯವನ್ನು ಬ್ರಿಟಿಷ್ ಕಲಾವಿದ ರಾಬರ್ಟ್ ಹೋಮ್ ಬಿಡಿಸಿದ್ದಾನಲ್ಲ, ಪರೀಕ್ಷೆಗೆ ಅದು ಹೇಳಿ ಮಾಡಿಸಿದ ಚಿತ್ರ. ಎಡ ಅಂಚಿನಲ್ಲಿ ಕಲಾವಿದ ತನ್ನನ್ನೇ ಬರೆದುಕೊಂಡಿದ್ದಾನೆ. ಪುಟಕ್ಕೆ ಕೂರಿಸಲು ಕತ್ತರಿ ಹಾಕಿದರೆ ಮೊದಲು ಮಾಯವಾಗುವವನು ಅವನೇ. ಎರಡು ಪುಟಕ್ಕೆ ಹರಡಿದ ಚಿತ್ರವಾದರೆ ನಡುವಿನ ಹೊಲಿಗೆ ಯಾರ ಮುಖ ನುಂಗಿದೆ ಅಂತಲೂ ನೋಡಿ (ನನಗಂತೂ ಮೈ ಉರಿಯುವುದು ಇದಕ್ಕೇ). ಖಾಸಗಿ ಸಂಗ್ರಹದ ಚಿತ್ರಗಳಿಗೆ ಈ ಉಪಾಯ ನಡೆಯದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿರುವ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಭಿತ್ತಿಚಿತ್ರದಂಥವಕ್ಕೂ ಅಷ್ಟೇ: ಫೋಟೊ ತೆಗೆದ ಬೆಳಕಿನ ಮೇಲೆ ಬಣ್ಣ ಬದಲಾಗುತ್ತದೆ, ಹೋಲಿಸಬೇಕೆಂದರೆ ಗೋಡೆಯ ಮುಂದೆಯೇ ನಿಲ್ಲಬೇಕು. ಮೊಬೈಲಿನ ರಾತ್ರಿ ಮೋಡ್ ಆಫ್ ಮಾಡುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಎಲ್ಲವೂ ಹಳದಿಯಾಗಿ ಕಾಣುತ್ತದೆ.