ಮಕ್ಕಳ ಜೊತೆ ಲಿಪ್‌ಸ್ಟಿಕ್ ಮಾಡಿದ್ದು: ನನ್ನ ಅನುಭವ

ರಜೆ ಬಂತೆಂದರೆ ನಮ್ಮ ಧಾರವಾಡದ ಮನೆಯಲ್ಲಿ ಅಣ್ಣನ ಮಕ್ಕಳು, ಪಕ್ಕದ ಮನೆಯ ಹುಡುಗರು ಎಲ್ಲ ಸೇರಿ ಒಂದು ದಂಡೇ ಆಗುತ್ತದೆ. ಮೊಬೈಲ್ ಬಿಡಿಸಿ ಕೂರಿಸಲು ಏನಾದರೂ ಕೈಕೆಲಸ ಬೇಕು. ಹಾಗಾಗಿ ಲಿಪ್‌ಸ್ಟಿಕ್ ಮಾಡಿದೆವು. ಲಿಪ್‌ಸ್ಟಿಕ್ ಅಂದರೂ ಇದು ಡಬ್ಬಿಯಲ್ಲಿಟ್ಟು ಬೆರಳಿನಿಂದ ಹಚ್ಚಿಕೊಳ್ಳುವಂಥದ್ದು. ಕಡ್ಡಿ ಮಾಡಲು ಅಚ್ಚು ಬೇಕು, ಮೇಣ ಜಾಸ್ತಿ ಬೇಕು, ಮಕ್ಕಳು ಒತ್ತಿ ಹಚ್ಚಿದರೆ ಮುರಿಯುತ್ತದೆ. ಡಬ್ಬಿಯೇ ಸಲೀಸು.

ಮೊದಲು ಬಣ್ಣದ ಮಾತು. ಯಾರನ್ನು ಕೇಳಿದರೂ ಬೀಟ್‌ರೂಟ್ ಹಾಕಿ ಎನ್ನುತ್ತಾರೆ. ಆದರೆ ಅದರ ಬಣ್ಣ ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಸುಮ್ನೆ ಬಾಯಲ್ಲಿ ಹೇಳಿದರೆ ಮಕ್ಕಳು ನಂಬಬೇಕಲ್ಲ! ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಾಕಿಕೊಟ್ಟು, ಅದರೊಳಗೆ ಬೀಟ್‌ರೂಟ್ ರಸ ಬಿಡಲು ಹೇಳಿದೆ. ಎಷ್ಟು ತಿರುವಿದರೂ ರಸ ಗುಂಡಗುಂಡಗೆ ಹನಿಯಾಗಿ ತಳಕ್ಕೆ ಹೋಗಿ ಕೂತಿತು. "ಅತ್ತಿ, ಇದು ಕೂಡವಲ್ದು" ಎಂದಳು ಅಣ್ಣನ ದೊಡ್ಡ ಮಗಳು. ಸಣ್ಣವನು ಸ್ವಲ್ಪ ಯೋಚಿಸಿ, "ಮೆಣಸಿನಕಾಯಿ ಬಣ್ಣ ಒಗ್ಗರಣಿ ಎಣ್ಣ್ಯಾಗ ಬಿಡತೈತಲ್ಲ, ಅದನ್ನ ಹಾಕೂಣು" ಎಂದ.

ಹುಡುಗ ಹೇಳಿದ್ದು ಸರಿಯೇ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದೇ ಬಣ್ಣದಿಂದ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಇಂಥ ಊರಿನದೇ ಎಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆದ ಬಣ್ಣದ ಎಣ್ಣೆ ಲಿಪ್‌ಸ್ಟಿಕ್, ನೇಲ್ ಪಾಲಿಶ್ ತಯಾರಿಸಲೂ ಹೋಗುತ್ತದೆ. ಆದರೆ ಮನೆಯಲ್ಲಿ ಮಾಡಿದರೆ ಬಣ್ಣದ ಜೊತೆ ಖಾರವೂ ಎಣ್ಣೆಗೆ ಇಳಿಯುತ್ತದೆ. ತುಟಿಗೆ ಹಚ್ಚಿಕೊಂಡವರ ಗತಿ ಏನು ಅಂತ ಕೇಳಿದೆ. ಅಷ್ಟಕ್ಕೇ ಎಲ್ಲರೂ ಬಿದ್ದುಬಿದ್ದು ನಕ್ಕರು.

ನಾನು ತಂದಿಟ್ಟುಕೊಂಡಿದ್ದು ರತನ್‌ಜೋತ್. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಒಣಗಿದ ಬೇರು. ತಲೆಗೆ ಹಚ್ಚುವ ಎಣ್ಣೆ ಕಾಯಿಸುವವರಿಗೆ ಇದು ಗೊತ್ತಿರುತ್ತದೆ. ಕಾಶ್ಮೀರದ ರೋಗನ್ ಜೋಶ್ ಎಂಬ ಮಾಂಸದ ಅಡಿಗೆಗೂ ಕೆಂಪು ಬರಲು ಇದನ್ನು ಹಾಕುತ್ತಾರೆ. ನೀರಿಗೆ ಹಾಕಿದರೆ ಅಷ್ಟಾಗಿ ಬಣ್ಣ ಬಿಡುವುದಿಲ್ಲ, ಬೆಚ್ಚಗಿನ ಎಣ್ಣೆಗೆ ಹಾಕಿದರೆ ರಕ್ತಗೆಂಪು. ಬಿಸಿನೀರಿನ ಪಾತ್ರೆಯೊಳಗೆ ಎಣ್ಣೆಯ ಬಟ್ಟಲಿಟ್ಟು, ಒಂದು ಚಮಚ ಬೇರು ಹಾಕಿ ಅರ್ಧ ತಾಸು ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿದೆ.

ಇಲ್ಲೊಂದು ತಮಾಷೆ ಮಾಡಿ ತೋರಿಸಬಹುದು. ಈ ಎಣ್ಣೆ ನಾಲ್ಕು ಹನಿ ತೆಗೆದು ಅಡಿಗೆ ಸೋಡಾ ಕದಡಿದ ನೀರಿಗೆ ಹಾಕಿ ಕಲಕಿದರೆ ಕೆಂಪು ಹೋಗಿ ನೀಲಿ-ನೇರಳೆ ಬರುತ್ತದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಆರತಿ ನೀರು ಕೆಂಪಾಗುತ್ತಲ್ಲ, ಅದೂ ಇದೇ ಜಾತಿಯ ಆಟ. ಮಕ್ಕಳು ಲಿಪ್‌ಸ್ಟಿಕ್ ಮರೆತು ಬಹಳ ಹೊತ್ತು ಇದರಲ್ಲೇ ಇದ್ದರು. ಅಡಿಗೆಮನೆಯ ಕಟ್ಟೆ ನೋಡುವ ಹಾಗಿರಲಿಲ್ಲ.

ಅಳತೆ ಇಷ್ಟೇ: ಜೇನುಮೇಣ 5 ಗ್ರಾಂ, ಮುರುಗಲ ತುಪ್ಪ (ಕೋಕಂ ಬೀಜದಿಂದ ತೆಗೆದ ಗಟ್ಟಿ ಎಣ್ಣೆ) 5 ಗ್ರಾಂ, ಬಣ್ಣದ ಎಣ್ಣೆ 15 ಗ್ರಾಂ. ಎಣ್ಣೆಯಲ್ಲಿ ಒಂದು ಪಾಲು ಹರಳೆಣ್ಣೆ ಇದ್ದರೆ ಹೊಳಪು ಬರುತ್ತದೆ. ಮುರುಗಲ ತುಪ್ಪ ನಮಗೆ ಶಿರಸಿ ಕಡೆಯ ನೆಂಟರಿಂದ ಬರುತ್ತದೆ. ಅಲ್ಲಿ ಒಡೆದ ತುಟಿ, ಹಿಮ್ಮಡಿಗೆ ಅದೇ ಔಷಧಿ. ಅದು ಗಟ್ಟಿ ಇರುವುದರಿಂದ ಬೇಸಿಗೆಗೆ ಅನುಕೂಲ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಕರಗುತ್ತದೆ, ಏಪ್ರಿಲ್‌ನಲ್ಲಿ ಅದನ್ನು ನೆಚ್ಚಿ ಕೂರಲಾಗದು.

ಜೇನುಮೇಣ ಕರಗಲು 62-64 ಡಿಗ್ರಿ ಬೇಕು. ಈ ಕೆಲಸಕ್ಕೆ ಮಕ್ಕಳ ಕೈ ಬೇಡ. ಮೇಣ ತುರಿಯುವುದು, ತೂಕ ಮಾಡುವುದು, ಡಬ್ಬಿ ಒರೆಸುವುದು ಅವರದು. ಒಲೆ ನನ್ನದು. ನೇರ ಉರಿಗೆ ಇಡದೆ, ಬಿಸಿನೀರಿನ ಮೇಲೆಯೇ ಮೇಣ ಕರಗಿಸಿ, ಆಮೇಲೆ ತುಪ್ಪ, ಕೊನೆಗೆ ಎಣ್ಣೆ. ಹದ ನೋಡುವುದು ಶೇಂಗಾ ಚಿಕ್ಕಿಯ ಪಾಕ ನೋಡಿದ ಹಾಗೆ: ತಣ್ಣಗಿನ ತಾಟಿನ ಮೇಲೆ ಒಂದು ಹನಿ ಬಿಟ್ಟು, ಆರಿದ ಮೇಲೆ ಬೆರಳಿಂದ ಒತ್ತಬೇಕು. ಮೆತ್ತಗಾದರೆ ಚೂರು ಮೇಣ, ಗಟ್ಟಿಯಾದರೆ ಚೂರು ಎಣ್ಣೆ.

ಡಬ್ಬಿಗಳು ಹುಬ್ಬಳ್ಳಿ ದುರ್ಗದಬೈಲ್‌ನಲ್ಲಿ ಕೊಂಡ ಕುಂಕುಮದ ಸಣ್ಣ ಸ್ಟೀಲ್ ಡಬ್ಬಿಗಳು. ಒಳಗೆ ಒಂದಿಷ್ಟೂ ನೀರಿನ ಪಸೆ ಇರಬಾರದು. ಒಬ್ಬರಿಗೆ ಒಂದು ಡಬ್ಬಿ, ಹಂಚಿಕೊಳ್ಳುವಂತಿಲ್ಲ. ಸಣ್ಣವನಿಗೆ ಬಣ್ಣ ಬೇಡವಾಗಿತ್ತು. ಅವನಿಗೆ ಏಲಕ್ಕಿ ಹಾಕಿ ಬೆಚ್ಚಗೆ ಮಾಡಿದ ಸಾದಾ ಎಣ್ಣೆಯಲ್ಲಿ ಮಾಡಿಕೊಟ್ಟೆ. ನನ್ನ ಕೇಳಿದರೆ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು.

ಬಣ್ಣ ಅಂಗಡಿಯದರಷ್ಟು ಗಾಢ ಇರುವುದಿಲ್ಲ, ತುಟಿ ತುಸು ಕೆಂಪಾದಂತೆ ಕಾಣುತ್ತದೆ ಅಷ್ಟೇ. ಗಾಢ ಬೇಕೆಂದು ಕ್ರೇಯಾನ್ ಕರಗಿಸಿ ಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಕಾಗದಕ್ಕೆ ಮಾಡಿದ್ದು. ರಂಗೋಲಿ ಬಣ್ಣ, ಪೇಟೆ ಕುಂಕುಮವೂ ಬೇಡ. ರತನ್‌ಜೋತ್ ಎಣ್ಣೆಯನ್ನೂ ಹಿಂದಿನ ದಿನವೇ ಮೊಣಕೈ ಮಡಿಕೆಗೆ ಒಂದು ಹನಿ ಹಚ್ಚಿ, ತುರಿಕೆ ಬರುವುದಿಲ್ಲ ಎಂದು ನೋಡಿಕೊಂಡೇ ಕೊಟ್ಟೆ.

ಮೂರು ತಿಂಗಳಲ್ಲಿ ಮುಗಿಸಿಬಿಡಿ. ಕಮಟು ವಾಸನೆ ಬಂದರೆ ಅದಕ್ಕೂ ಮೊದಲೇ ಎಸೆಯಿರಿ. ಮೇಣದ ಪಾತ್ರೆಯನ್ನು ಬಿಸಿ ಇರುವಾಗಲೇ ಹಳೇ ಪೇಪರ್‌ನಿಂದ ಒರೆಸಿ, ಆಮೇಲೆ ತೊಳೆಯಿರಿ. ಸಿಂಕಿಗೆ ಸುರಿದರೆ ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ.